ಆ ಸಿನಿಮಾ ಯಾರ ಪರ?

'ದ ಬ್ಯಾಟಲ್ ಆಫ್ ಆಲ್ಜಿಯರ್ಸ್' ನೋಡಿ ಅಂತ ಸಿಕ್ಕವರಿಗೆಲ್ಲ ಹೇಳುವುದು ನನ್ನ ಹಳೇ ಚಾಳಿ. ನೋಡಿ ಬಂದವರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಚೆನ್ನಾಗಿದೆ, ಆದ್ರೆ ಅದು ಯಾರ ಪರ?" ಕೆಲವರು ಇನ್ನೂ ಖಾರವಾಗಿ ಕೇಳುತ್ತಾರೆ. "ಐಸ್‌ಕ್ರೀಮ್ ತಿನ್ನೋ ಮಕ್ಕಳ ಮಧ್ಯೆ ಬಾಂಬ್ ಇಡೋರನ್ನ ಹೀರೊ ಮಾಡಿದಾರಲ್ವಾ?"

ನನ್ನ ಉತ್ತರ ಚಿಕ್ಕದು. ಅದು ಅಲ್ಜೀರಿಯಾದ ಪರ. ಅದರಲ್ಲಿ ಅನುಮಾನವೇ ಬೇಡ. ಆದರೆ ತನ್ನ ಕಡೆಯವರು ಏನು ಮಾಡಿದರು ಅನ್ನುವುದನ್ನು ಅದು ಮುಚ್ಚಿಡುವುದಿಲ್ಲ. ನೋಡುವವರಿಗೆ ಗಲಿಬಿಲಿಯಾಗುವುದು ಅಲ್ಲೇ.

ನೋಡದವರಿಗೆ ಎರಡು ಮಾತು. 1830ರಿಂದ ಅಲ್ಜೀರಿಯಾ ಫ್ರಾನ್ಸಿನ ಕೈಯಲ್ಲಿತ್ತು. 1954ರ ನವೆಂಬರ್‌ನಲ್ಲಿ ಎಫ್‌ಎಲ್‌ಎನ್ (ರಾಷ್ಟ್ರೀಯ ವಿಮೋಚನಾ ರಂಗ) ಎಂಬ ಸಂಘಟನೆ ಸ್ವಾತಂತ್ರ್ಯಕ್ಕಾಗಿ ಬಂದೂಕು ಹಿಡಿಯಿತು. ರಾಜಧಾನಿ ಆಲ್ಜಿಯರ್ಸ್‌ನ ಹಳೇ ಪೇಟೆ ಕಸ್ಬಾದ ಓಣಿಗಳಲ್ಲಿ ಅದರ ಜಾಲ ಹರಡಿಕೊಂಡಿತ್ತು. 1957ರಲ್ಲಿ ಫ್ರೆಂಚ್ ಪ್ಯಾರಾಟ್ರೂಪರ್‌ಗಳು ಬಂದು ಆ ಜಾಲವನ್ನು ಹೊಸಕಿಹಾಕಿದರು. ಸಿನಿಮಾದ ಕಥೆ ಇದೇ. ದೇಶಕ್ಕೆ ಸ್ವಾತಂತ್ರ್ಯ ಸಿಕ್ಕಿದ್ದು 1962ರಲ್ಲಿ. ಅದಾಗಿ ಕೆಲವೇ ವರ್ಷಗಳಲ್ಲಿ ಇಟಲಿಯ ನಿರ್ದೇಶಕ ಜಿಲ್ಲೊ ಪೊಂಟೆಕೊರ್ವೊ ಅದೇ ಓಣಿಗಳಿಗೆ ಕ್ಯಾಮೆರಾ ಹೊತ್ತು ಹೋದರು. 1966ರಲ್ಲಿ ವೆನಿಸ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ 'ಚಿನ್ನದ ಸಿಂಹ' ಇದಕ್ಕೇ ಬಂತು. ಫ್ರಾನ್ಸಿನಲ್ಲಿ ಮಾತ್ರ ವರ್ಷಗಟ್ಟಲೆ ತೆರೆ ಕಾಣಲಿಲ್ಲ.

ಯಾರ ಪರ ಅನ್ನುವುದಕ್ಕೆ ಟೈಟಲ್ ಕಾರ್ಡೇ ಸಾಕ್ಷಿ ಹೇಳುತ್ತದೆ. ನಿರ್ಮಾಪಕರಲ್ಲಿ ಒಬ್ಬರು ಯಾಸೆಫ್ ಸಾದಿ. ಆಲ್ಜಿಯರ್ಸ್‌ನಲ್ಲಿ ಎಫ್‌ಎಲ್‌ಎನ್ ಜಾಲ ನಡೆಸಿ, ಸಿಕ್ಕಿಬಿದ್ದು, ಮರಣದಂಡನೆಯಾಗಿ, ಕೊನೆಗೆ ಬದುಕಿ ಉಳಿದವರು. ಸಿನಿಮಾದಲ್ಲಿ ತಮ್ಮದೇ ಪಾತ್ರವನ್ನು ಬೇರೆ ಹೆಸರಲ್ಲಿ ಅವರೇ ಮಾಡಿದ್ದಾರೆ. ಇಂಥವರು ದುಡ್ಡು ಹಾಕಿದ ಸಿನಿಮಾ ನಡುವೆ ನಿಂತು ತಕ್ಕಡಿ ಹಿಡಿಯುತ್ತದೆ ಅಂದರೆ ಯಾರು ನಂಬುತ್ತಾರೆ?

ಇನ್ನು ಆ ಬಾಂಬಿನ ದೃಶ್ಯ. ಮೂವರು ಹೆಂಗಸರು ಕನ್ನಡಿ ಮುಂದೆ ನಿಂತಿದ್ದಾರೆ. ಮೈತುಂಬ ಹೊದೆಯುವ ಬಟ್ಟೆ ಹಾಯಿಕ್ ತೆಗೆದಿಟ್ಟು, ಕೂದಲು ಕತ್ತರಿಸಿಕೊಂಡು, ಲಿಪ್‌ಸ್ಟಿಕ್ ಹಚ್ಚಿ ಯುರೋಪಿನವರ ಹಾಗೆ ತಯಾರಾಗುತ್ತಾರೆ. ಹಿನ್ನೆಲೆಯಲ್ಲಿ ಬರೀ ಡೋಲಿನ ಸದ್ದು. ಚೆಕ್‌ಪೋಸ್ಟಿನ ಸೈನಿಕರು ಹಲ್ಲು ಕಿರಿದು ದಾರಿ ಬಿಡುತ್ತಾರೆ. ಅವರಲ್ಲಿ ಒಬ್ಬಳು ಕೆಫೆಯೊಳಗೆ ಹೋದಾಗ ಗಂಡಸೊಬ್ಬ ಎದ್ದು ತನ್ನ ಸ್ಟೂಲ್ ಬಿಟ್ಟುಕೊಡುತ್ತಾನೆ. ಅವಳು ಕೂತು ಬ್ಯಾಗನ್ನು ಕಾಲಲ್ಲಿ ಒಳಕ್ಕೆ ತಳ್ಳಿ ಸುತ್ತ ನೋಡುತ್ತಾಳೆ. ಹರಟೆ ಹೊಡೆಯುವವರು, ನಗುವವರು, ಐಸ್‌ಕ್ರೀಮ್ ನೆಕ್ಕುವ ಮಗು. ಒಂದೊಂದೇ ಮುಖ. ಅವಳಿಗೂ ಗೊತ್ತು, ನಮಗೂ ಗೊತ್ತು. ಸಾಯುವವರ ಮುಖ ತೋರಿಸದೇ ಇದ್ದಿದ್ದರೆ ಚಪ್ಪಾಳೆ ತಟ್ಟುವುದು ಸುಲಭವಾಗುತ್ತಿತ್ತು. ಇಲ್ಲಿ ಕೈ ಮೇಲೇಳುವುದಿಲ್ಲ.

ಇದಕ್ಕೂ ಮುಂಚೆ ಯುರೋಪಿಯನ್ನರು ರಾತ್ರೋರಾತ್ರಿ ಕಸ್ಬಾದೊಳಗೆ ಬಾಂಬ್ ಇಟ್ಟು ಮನೆಗಳನ್ನು ಉರುಳಿಸಿರುತ್ತಾರೆ. ಅಲ್ಲಿ ಕಲ್ಲುಮಣ್ಣಿನಡಿಯಿಂದ ಹೆಣ ಎತ್ತುವಾಗ ಬರುವ ಶೋಕದ ಸಂಗೀತವೇ ಕೆಫೆಯ ಹೆಣಗಳಿಗೂ ಬರುತ್ತದೆ. ಸತ್ತವರಿಗೆ ಬೇರೆ ಬೇರೆ ರಾಗ ಇಲ್ಲ.

ಇನ್ನೊಂದು ವಿಷಯ. ಕೆಫೆ ಬಾಂಬಿನ ಈ ಘಟನೆ ನಿಜವಾಗಿ ನಡೆದದ್ದು 1956ರ ಸೆಪ್ಟೆಂಬರ್ 30ರಂದು. ಅವತ್ತು ಇಟ್ಟ ಮೂರು ಬಾಂಬುಗಳಲ್ಲಿ ಏರ್ ಫ್ರಾನ್ಸ್ ಆಫೀಸಿನದು ಸಿಡಿಯಲೇ ಇಲ್ಲ. ಸಿನಿಮಾದಲ್ಲಿ ಮೂರೂ ಸಿಡಿಯುತ್ತವೆ. ಸುಮ್ನೆ ಪ್ರಚಾರಕ್ಕೆ ಮಾಡಿದ ಸಿನಿಮಾ ಆಗಿದ್ದರೆ ತನ್ನವರ ಲೆಕ್ಕಕ್ಕೆ ಇನ್ನೊಂದು ಸ್ಫೋಟ ಸೇರಿಸುತ್ತಿತ್ತಾ?

ಗಲಿಬಿಲಿಗೆ ಇನ್ನೊಂದು ಕಾರಣ ಪ್ಯಾರಾಟ್ರೂಪರ್‌ಗಳ ಮುಖ್ಯಸ್ಥ ಕರ್ನಲ್ ಮಾಥ್ಯೂ. ನಮ್ಮ ಸಿನಿಮಾಗಳಲ್ಲಿ ಪರಂಗಿ ಅಧಿಕಾರಿ ಮೀಸೆ ತಿರುವಿ ಚಾಟಿ ಬೀಸುವುದೇ ಜಾಸ್ತಿ. ಒಳ್ಳೆ ಡೈಲಾಗೆಲ್ಲ ಹೀರೊಗೆ ಮೀಸಲು. ಇಲ್ಲಿ ಅದು ಉಲ್ಟಾ. ನಾಯಕ ಅನ್ನಬಹುದಾದ ಅಲಿ ಲಾ ಪೊಯಿಂಟ್‌ಗೆ ಓದು ಬರಹ ಬಾರದು, ಮಾತೂ ಕಡಿಮೆ. ಬಾಯಿ ತುಂಬ ಮಾತಾಡುವವನು ಮಾಥ್ಯೂ. ಕಪ್ಪು ಕನ್ನಡಕ ಹಾಕಿಕೊಂಡು, ಒರಟುತನ ಇಲ್ಲದೆ, ತರ್ಕಬದ್ಧವಾಗಿ. ಚಿತ್ರಹಿಂಸೆಯ ಬಗ್ಗೆ ಪತ್ರಕರ್ತರು ಕೇಳಿದಾಗ ಅವನು ತಿರುಗಿ ಕೇಳುತ್ತಾನೆ: ಫ್ರಾನ್ಸ್ ಅಲ್ಜೀರಿಯಾದಲ್ಲಿ ಉಳಿಯಬೇಕಾ? ಉಳಿಯಬೇಕು ಅನ್ನುವುದಾದರೆ ಅದಕ್ಕೆ ತೆರಬೇಕಾದ್ದನ್ನೂ ಒಪ್ಪಿಕೊಳ್ಳಿ. ಬೆನ್ನಿಗೇ ಮಾತಿಲ್ಲದ ದೃಶ್ಯಗಳು ಬರುತ್ತವೆ. ನೀರು, ಕರೆಂಟು, ಬೆಂಕಿ. ಅಷ್ಟು ಹೊತ್ತು ಅವನ ಮಾತಿಗೆ ತಲೆದೂಗಿದವರು ಇದಕ್ಕೂ ತಲೆದೂಗಬೇಕಾಗುತ್ತದೆ. ನನ್ನ ಪ್ರಕಾರ ಇಡೀ ಸಿನಿಮಾದಲ್ಲಿ ಯುದ್ಧದ ವಿರುದ್ಧ ಇದಕ್ಕಿಂತ ಗಟ್ಟಿಯಾದ ವಾದ ಇಲ್ಲ. ಅದನ್ನು ಆಡಿಸಿರುವುದು ಶತ್ರುವಿನ ಬಾಯಲ್ಲಿ.

ಅಂದಹಾಗೆ, ಆ ಪಾತ್ರ ಮಾಡಿದ ಜಾನ್ ಮಾರ್ತಾಂ ಇಲ್ಲಿ ವೃತ್ತಿಪರ ನಟ ಅನ್ನಬಹುದಾದ ಒಬ್ಬನೇ ವ್ಯಕ್ತಿ. ಅಲ್ಜೀರಿಯಾ ಯುದ್ಧವನ್ನು ವಿರೋಧಿಸಿ 1960ರಲ್ಲಿ ಹೊರಬಂದ '121 ಜನರ ಮನವಿ'ಗೆ ಸಹಿ ಹಾಕಿ ಕೆಲಸ ಕಳೆದುಕೊಂಡಿದ್ದವರು. ಉಳಿದವರಲ್ಲಿ ಬಹಳಷ್ಟು ಮಂದಿ ಅಲ್ಲೇ ಬೀದಿಯಲ್ಲಿ ಸಿಕ್ಕವರು. ಅದಕ್ಕೇ ಎಲ್ಲರಿಗೂ ಇದು ನಿಜವಾದ ಫೂಟೇಜ್ ಅನ್ನಿಸುತ್ತದೆ. ಅಮೆರಿಕದಲ್ಲಿ ಬಿಡುಗಡೆಯಾದಾಗ 'ಇದರಲ್ಲಿ ಒಂದಡಿ ನ್ಯೂಸ್‌ರೀಲ್ ಕೂಡ ಇಲ್ಲ' ಅಂತ ಸೂಚನೆ ಹಾಕಬೇಕಾಯಿತು!

ಹಾಗಾದರೆ ಇದರಲ್ಲಿ ಕೊರತೆ ಇಲ್ವಾ? ಇದೆ. ಎಫ್‌ಎಲ್‌ಎನ್ ತನ್ನ ಎದುರಾಳಿ ಅಲ್ಜೀರಿಯನ್ ಸಂಘಟನೆಯ ಜೊತೆ ನಡೆಸಿದ ರಕ್ತಪಾತದ ಸುದ್ದಿಯೇ ಇಲ್ಲ. ಆ ಹೆಂಗಸರಿಗೆ ಬಾಂಬಿದೆ, ಮಾತು ಇಲ್ಲ. ಪಕ್ಷ ಹಿಡಿದ ಗುರುತು ನನಗೆ ಕಾಣುವುದು ಇಂಥ ಕಡೆ, ಕೆಫೆಯಲ್ಲಲ್ಲ.

2003ರಲ್ಲಿ, ಇರಾಕ್ ಯುದ್ಧದ ಹೊತ್ತಿಗೆ, ಅಮೆರಿಕದ ಪೆಂಟಗನ್‌ನಲ್ಲೂ ಇದನ್ನು ಹಾಕಿ ತೋರಿಸಿದರು. ಯುದ್ಧತಂತ್ರ ಕಲಿಯಲು ಅನ್ನುವ ಲೆಕ್ಕದಲ್ಲಿ. ಬಂಡಾಯಗಾರರೂ ನೋಡುತ್ತಾರೆ, ಅವರನ್ನು ಹತ್ತಿಕ್ಕುವವರೂ ನೋಡುತ್ತಾರೆ. ಇದನ್ನೇ ಹಿಡಿದು "ನೋಡಿ, ಯಾರ ಪರವೂ ಅಲ್ಲ" ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವರಿಗೆ ಲಾರ್ಬಿ ಬೆನ್ ಮಿಹಿದಿಯ ದೃಶ್ಯವನ್ನು ಮತ್ತೆ ನೋಡಿ ಅನ್ನುತ್ತೇನೆ.

ಬೆನ್ ಮಿಹಿದಿ ಎಫ್‌ಎಲ್‌ಎನ್‌ನ ದೊಡ್ಡ ನಾಯಕ. 1957ರ ಫೆಬ್ರವರಿಯಲ್ಲಿ ಸೆರೆಸಿಕ್ಕಿ, ಮಾರ್ಚ್‌ನಲ್ಲಿ ಸೆರೆಯಲ್ಲೇ ಸತ್ತರು. ನೇಣು ಹಾಕಿಕೊಂಡರು ಎಂದು ಫ್ರೆಂಚ್ ಅಧಿಕಾರಿಗಳು ಹೇಳಿದರು. ಸಿನಿಮಾ ಆ ಹೇಳಿಕೆಯನ್ನು ಹಾಗೇ ಇಟ್ಟುಕೊಂಡು ಪತ್ರಕರ್ತನೊಬ್ಬನಿಂದ ಒಂದು ಪ್ರಶ್ನೆ ಕೇಳಿಸುತ್ತದೆ: ಕೈಕಾಲು ಕಟ್ಟಿದ್ದವನು ನೇಣು ಹಾಕಿಕೊಂಡಿದ್ದು ಹೇಗೆ? ಮಾಥ್ಯೂ ಜಾರಿಕೊಳ್ಳುತ್ತಾನೆ. 2001ರಲ್ಲಿ, ಆಗ ಆಲ್ಜಿಯರ್ಸ್‌ನಲ್ಲಿ ಗುಪ್ತಚರ ಅಧಿಕಾರಿಯಾಗಿದ್ದ ಪೋಲ್ ಓಸಾರೆಸ್ ತಮ್ಮ ನೆನಪಿನ ಪುಸ್ತಕದಲ್ಲಿ ಅದು ಕೊಲೆ ಎಂದು ಬರೆದರು. ಫ್ರಾನ್ಸ್ ಅಧ್ಯಕ್ಷ ಮಕ್ರೋನ್ ಅದನ್ನು ಒಪ್ಪಿಕೊಂಡಿದ್ದು 2024ರ ನವೆಂಬರ್‌ನಲ್ಲಿ. ಸಿನಿಮಾ 1966ರಲ್ಲೇ ಕೇಳಿತ್ತು.