ಅಳಿಯನ ಬೈಕಿನ ಹಿಂದೆ ಒಂದು ಸಂಜೆ

ಬೆಳಗಾವಿಯ ಒಂದು ಪದವಿ ಕಾಲೇಜಿನಲ್ಲಿ ನಾನು ಭೂಗೋಳ ಪಾಠ ಮಾಡುತ್ತೇನೆ. ಘಟಪ್ರಭಾ ಎಲ್ಲಿ ಹುಟ್ಟುತ್ತದೆ, ಖಾನಾಪುರದಲ್ಲಿ ಯಾಕೆ ಅಷ್ಟು ಮಳೆ, ಅಥಣಿಯಲ್ಲಿ ಯಾಕೆ ಇಷ್ಟು ಕಡಿಮೆ, ಇಂಥವು. ಹೋದ ಮಳೆಗಾಲದಲ್ಲಿ ವಿದ್ಯಾರ್ಥಿಗಳಿಗೆ ಏನಾದರೂ ಹೊಸ ವಿಷಯದ ಮೇಲೆ ಮಾತಾಡಿ ಎಂದು ಕಾಲೇಜಿನವರು ಹೇಳಿದರು. ನಾನು ಮಾರ್ಕ್ ಗ್ರಹಾಂ ಅವರ ಸಂಶೋಧನೆ ಆರಿಸಿಕೊಂಡೆ.

ಗ್ರಹಾಂ ಆಕ್ಸ್‌ಫರ್ಡ್ ಇಂಟರ್‌ನೆಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಇಂಟರ್‌ನೆಟ್ ಭೂಗೋಳದ ಪ್ರಾಧ್ಯಾಪಕರು. ಇಂಟರ್‌ನೆಟ್‌ಗೆ ಎಂಥ ಭೂಗೋಳ ಅಂತ ನಮ್ಮ ಸ್ಟಾಫ್ ರೂಮಿನಲ್ಲೇ ನಕ್ಕರು. ನೆಟ್ ಬಂದರೆ ದೂರ ಅನ್ನೋದೇ ಇರಲ್ಲ, ಎಲ್ಲಿ ಕೂತರೂ ಒಂದೇ ಅಂತ ತೊಂಬತ್ತರ ದಶಕದಿಂದ ಹೇಳಿಕೊಂಡು ಬಂದವರಿದ್ದಾರೆ. ಗ್ರಹಾಂ ಅದನ್ನು ನಕ್ಷೆ ಹಾಕಿ ನೋಡಿದರು. 2009 ರಲ್ಲಿ ವಿಕಿಪೀಡಿಯದ ಲೇಖನಗಳು ಭೂಮಿಯ ಯಾವ ಜಾಗದ ಬಗ್ಗೆ ಇವೆ ಎಂದು ಗುರುತು ಮಾಡುತ್ತಾ ಹೋದಾಗ, ಊರೇ ಇಲ್ಲದ ಅಂಟಾರ್ಕ್ಟಿಕಾದ ಬಗ್ಗೆ ಇದ್ದಷ್ಟು ಲೇಖನಗಳು ಆಫ್ರಿಕಾದ ಬಹುತೇಕ ದೇಶಗಳ ಬಗ್ಗೆ ಇರಲಿಲ್ಲ. ಆಮೇಲೆ ಅವರ ಗಮನ ಆ್ಯಪ್ ಮೂಲಕ ಸಿಗುವ ಕೆಲಸದ ಕಡೆ ಹೊರಳಿತು. ನಮ್ಮಲ್ಲಿ ಗಿಗ್ ಕೆಲಸ ಅಂತೀವಲ್ಲ, ಅದು.

ಈ ಟಿಪ್ಪಣಿ ಬರೆಯುತ್ತಾ ಕೂತಾಗ ಅಕ್ಕನ ಮಗ ಬಂದ. ಬಿ.ಕಾಂ. ಮುಗಿಸಿದ್ದಾನೆ, ಊಟದ ಡೆಲಿವರಿ ಮಾಡುತ್ತಾನೆ. ಲ್ಯಾಪ್‌ಟಾಪ್ ಇಣುಕಿ ನೋಡಿ, “ಮಾಮಾ, ಆಕ್ಸ್‌ಫರ್ಡ್ ಯಾಕ ಬೇಕ್ರಿ ಇದಕ್ಕ? ರವಿವಾರ ಸಂಜಿಗೆ ನನ್ನ ಗಾಡಿ ಹಿಂದ ಕುಂದರ್ರಿ, ಸಾಕು” ಅಂದ. ಹಿಂದೆ ಜನ ಕೂರಿಸಿಕೊಂಡು ಹೋಗುವ ಹಾಗಿಲ್ಲವಂತೆ. ಸ್ವಲ್ಪ ಹೊತ್ತಿಗೆ ಯಾರು ನೋಡ್ತಾರೆ ಅಂತ ಅವನೇ ಧೈರ್ಯ ಹೇಳಿದ.

ಮಳೆ ಜೋರಾಗಿತ್ತು. ಬೆಳಗಾವಿಯ ಜುಲೈ ಮಳೆ ಗೊತ್ತಲ್ಲ, ನಿಲ್ಲೋದು ಅಂತಿಲ್ಲ. ಮಳೆ ಬಂದರೆ ಆರ್ಡರ್ ಜಾಸ್ತಿ, ಹುಡುಗರು ಕಡಿಮೆ. ಅದಕ್ಕೇ ಅವನಿಗೆ ಖುಷಿ. ಕ್ಯಾಂಪ್ ಪ್ರದೇಶದ ಒಂದು ಹೋಟೆಲಿನ ಮುಂದೆ ತಗಡಿನ ಕೆಳಗೆ ನಿಂತೆವು. ಅವನ ಹಾಗೆಯೇ ಇನ್ನೂ ನಾಲ್ಕಾರು ಹುಡುಗರು, ಎಲ್ಲರ ಕಣ್ಣೂ ಮೊಬೈಲ್ ಮೇಲೆ. ಒಬ್ಬೊಬ್ಬರು ಒಂದೊಂದು ಬಣ್ಣದ ಟಿ-ಶರ್ಟ್. ಒಬ್ಬ ಮರಾಠಿಯಲ್ಲಿ ಬೈಯುತ್ತಿದ್ದ, ಇನ್ನೊಬ್ಬ ಕನ್ನಡದಲ್ಲಿ. ಬೈಗುಳ ಒಂದೇ ಆ್ಯಪ್‌ಗೆ.

ಆರ್ಡರ್ ಬಿತ್ತು. ವಡಗಾವಿಗೆ ಡ್ರಾಪ್. 38 ರೂಪಾಯಿ.

ಕಾಂಗ್ರೆಸ್ ರೋಡ್ ಹಿಡಿದು ತಿಲಕವಾಡಿ ಎರಡನೇ ಗೇಟಿಗೆ ಬಂದರೆ ಗೇಟ್ ಬಿದ್ದಿತ್ತು. ಹೊರಗಿನವರಿಗೆ ಹೇಳಬೇಕು: ನಮ್ಮೂರಲ್ಲಿ ಒಂದನೇ ಗೇಟ್, ಎರಡನೇ ಗೇಟ್, ಮೂರನೇ ಗೇಟ್ ಅನ್ನುವುದೇ ವಿಳಾಸ. ರೈಲು ಬರುವ ಹೊತ್ತಿಗೆ ಊರು ಎರಡು ಭಾಗ ಆಗುತ್ತದೆ. ಮೊಬೈಲಿನ ನಕ್ಷೆ ಮಾತ್ರ ಗೆರೆ ಎಳೆದು ಇನ್ನು ಇಷ್ಟೇ ನಿಮಿಷ ಅಂತ ತೋರಿಸುತ್ತಲೇ ಇತ್ತು. ಗೇಟ್ ಬಿದ್ದಿದೆ ಅಂತ ಅದಕ್ಕೆ ಯಾರು ಹೇಳಬೇಕು? ಕಸ್ಟಮರ್ ಫೋನ್ ಮಾಡಿದರು. “ರೀ ಸರ್, ಗೇಟ್ ಬಿದ್ದೈತ್ರಿ, ಗೂಡ್ಸ್ ಗಾಡಿ ಹೊಂಟೈತಿ” ಅಂತ ಅಳಿಯ ಹೇಳಿದ. ಅವರೂ ಈ ಊರಿನವರೇ, ಅರ್ಥ ಮಾಡಿಕೊಂಡರು. ಆ್ಯಪ್‌ಗೆ ಅರ್ಥ ಆಗಲಿಲ್ಲ. ಪರದೆಯ ಮೇಲೆ ಕೆಂಪು ಬಣ್ಣದಲ್ಲಿ ‘ತಡ’ ಅಂತ ಬಂತು.

“ಈ ಟೈಮಿಗೆ ರೊಕ್ಕ ಕೊಡ್ತಾರೇನೋ?” ಅಂದೆ.

“ಗೇಟಿಗೆ ಯಾರ ರೊಕ್ಕಾ ಕೊಡ್ತಾರ್ರಿ ಮಾಮಾ?”

ಗೂಡ್ಸ್ ಗಾಡಿ ಮುಗಿಯುವುದೇ ಇಲ್ಲ ಅನ್ನುವಷ್ಟು ಉದ್ದ ಇತ್ತು. ಹೋಟೆಲ್ ಮುಂದೆ ಆರ್ಡರ್‌ಗೆ ಕಾದದ್ದು, ಪಾರ್ಸೆಲ್ ಆಗುವ ತನಕ ನಿಂತದ್ದು, ಇಲ್ಲಿ ನೆನೆಯುತ್ತಾ ಇರುವುದು, ಎಲ್ಲ ಸೇರಿಸಿದರೆ ಆ 38 ರೂಪಾಯಿ ಯಾವುದಕ್ಕೆ ಅಂತ ಲೆಕ್ಕ ಹಾಕುತ್ತಿದ್ದೆ. ಗ್ರಹಾಂ ಮತ್ತು ಜೊತೆಗಾರರು ನಡೆಸುವ ಫೇರ್‌ವರ್ಕ್ ಎಂಬ ಯೋಜನೆ ಇಂಥ ಲೆಕ್ಕವನ್ನೇ ಕೇಳುತ್ತದೆ. ಸಂಬಳ, ಕೆಲಸದ ಸ್ಥಿತಿ, ಕರಾರು, ಆಡಳಿತ, ಕೆಲಸಗಾರರ ದನಿ ಎಂಬ ಐದು ವಿಷಯಗಳಲ್ಲಿ ಕಂಪನಿಗಳಿಗೆ 10 ಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ. ನಮ್ಮ ದೇಶದಲ್ಲಿ 2019 ರಿಂದ ಈ ಅಂಕಪಟ್ಟಿ ಬರುತ್ತಿದೆ, ಬೆಂಗಳೂರಿನ ಐಐಐಟಿಯವರು ಇದರಲ್ಲಿದ್ದಾರೆ. ಪೂರ್ತಿ 10 ಇಲ್ಲಿ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ನನಗೆ ಅದರಲ್ಲಿ ಹಿಡಿಸಿದ್ದು ಸಂಬಳ ಎಣಿಸುವ ರೀತಿ. ಪೆಟ್ರೋಲು, ಗಾಡಿ ರಿಪೇರಿ, ಮೊಬೈಲ್ ಡೇಟಾ ಎಲ್ಲ ಕಳೆದ ಮೇಲೆ ಕೈಯಲ್ಲಿ ಉಳಿಯುವುದು ಕನಿಷ್ಠ ಕೂಲಿಗೆ ಮುಟ್ಟುತ್ತದಾ ಅಂತ ನೋಡುತ್ತಾರೆ. ಸರಳ ಲೆಕ್ಕ. ಆದರೆ ದಿನಾ ಸಂಜೆ ಅಳಿಯ ನೋಡುವುದು ಆ್ಯಪ್ ತೋರಿಸುವ ದೊಡ್ಡ ಅಕ್ಷರದ ಮೊತ್ತವನ್ನೇ.

ವಡಗಾವಿಯಲ್ಲಿ ಲೊಕೇಶನ್ ತೋರಿಸಿದ ಜಾಗದಲ್ಲಿ ಮನೆಯೇ ಇರಲಿಲ್ಲ, ಒಂದು ಬಾವಿ ಇತ್ತು. ಗಲ್ಲಿಯ ಹೆಸರನ್ನು ನಾನು ಕನ್ನಡದಲ್ಲಿ ಹುಡುಕಿದೆ, ಬೇರೆ ಊರಿನ ಗಲ್ಲಿ ಬಂತು. ಅವನು ಇಂಗ್ಲಿಷಿನಲ್ಲಿ ಹುಡುಕಿದ, ಎರಡು ಬಂದವು. ಮರಾಠಿಯಲ್ಲಿ ಹುಡುಕಿದರೆ ಮತ್ತೊಂದು. ಒಂದೇ ಜಾಗವನ್ನು ಬೇರೆ ಬೇರೆ ಭಾಷೆಯಲ್ಲಿ ಹುಡುಕಿದವರಿಗೆ ಆನ್‌ಲೈನ್ ನಕ್ಷೆ ಬೇರೆ ಬೇರೆ ಚಿತ್ರವನ್ನೇ ತೋರಿಸುತ್ತದೆ ಎಂದು ಗ್ರಹಾಂ ಮತ್ತು ಮ್ಯಾಥ್ಯೂ ಜೂಕ್ 2013 ರಲ್ಲೇ ಬರೆದಿದ್ದರು. ಓದಿದಾಗ ಸುಮ್ನೆ ತಲೆಯಾಡಿಸಿದ್ದೆ. ಕೊನೆಗೆ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬರು, “ಮಗ್ಗದ ಸಪ್ಪಳ ಕೇಳಸ್ತೈತಲ್ಲ, ಅದರ ಬಾಜೂ ಮನಿ” ಅಂತ ದಾರಿ ತೋರಿಸಿದರು.

ಆ ಸಪ್ಪಳ ಕೇಳಿ ಭಾವನ ತಂದೆ ನೆನಪಾದರು. ಇದೇ ವಡಗಾವಿಯಲ್ಲಿ ಸೀರೆ ನೇಯುತ್ತಿದ್ದರು. ಮಗ್ಗ ಅವರದು, ನೂಲು ಸಾವುಕಾರರದು, ಸೀರೆಗೆ ಇಷ್ಟು ಅಂತ ಮಜೂರಿ. ಈಗ ಮೊಮ್ಮಗನದು ಗಾಡಿ, ಆರ್ಡರ್ ಕಂಪನಿಯದು, ಡ್ರಾಪ್‌ಗೆ ಇಷ್ಟು. ಅಜ್ಜನ ಕಾಲದಲ್ಲಿ ಕರೆಂಟು ಹೋದರೆ, ನೂಲು ತಡವಾದರೆ ಆ ದಿನ ಮಜೂರಿ ಇಲ್ಲ. ಇವನಿಗೆ ಗೇಟು. ಹಂಗಾಗಿ ಇದೆಲ್ಲ ಹೊಸ ಶೋಷಣೆ ಅಂತ ಬಾಯಿ ಬಡಿದುಕೊಳ್ಳುವವರನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒಂದು ಫರಕು ಮಾತ್ರ ದೊಡ್ಡದು. ಸಾವುಕಾರರ ಮನೆ ಪಕ್ಕದ ಗಲ್ಲಿಯಲ್ಲಿತ್ತು. ಮಜೂರಿ ಕಡಿಮೆ ಕೊಟ್ಟರೆ ಅಜ್ಜ ಹೋಗಿ ಬಾಗಿಲಲ್ಲಿ ನಿಂತು ಜಗಳ ಆಡಿ ಬರುತ್ತಿದ್ದರು, ಹಬ್ಬಕ್ಕೆ ಮುಂಗಡ ತರುತ್ತಿದ್ದರು. ಅಳಿಯ ಜಗಳ ಆಡಬೇಕೆಂದರೆ ಬಾಗಿಲು ಎಲ್ಲಿದೆ? ಕೆಲಸ ಮಾಡುವವನಿಗೆ ಈ ಊರು, ಈ ಮಳೆ, ಈ ಗೇಟು ಬಿಡೋದಿಲ್ಲ. ಕೆಲಸ ಕೊಡುವವನಿಗೆ ಊರೇ ಇಲ್ಲ. ಗ್ರಹಾಂ ಬರೆದದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದು, ಉಳಿದದ್ದೆಲ್ಲ ಇದರ ಸುತ್ತ.

ಚಹಾಕ್ಕೆ ನಿಂತಾಗ ಅವನ ಗೆಳೆಯ ಸಿಕ್ಕ. ಐಡಿ ಬ್ಲಾಕ್ ಆಗಿ ಮನೆಯಲ್ಲಿ ಕೂತಿದ್ದ. ಯಾಕೆ ಅಂತ ಅವನಿಗೂ ಗೊತ್ತಿಲ್ಲ. ಚಾಟ್‌ನಲ್ಲಿ ಕೇಳಿದರೆ ಪ್ರತಿ ಸಲ ಅದೇ ಉತ್ತರ. ನಾನು ಮೇಷ್ಟ್ರು ಅಲ್ವಾ, ಕಾಯ್ದೆ ಹೇಳಲು ಶುರು ಮಾಡಿದೆ. 2025 ರಲ್ಲಿ ಕರ್ನಾಟಕ ಗಿಗ್ ಕೆಲಸಗಾರರಿಗಾಗಿ ಕಾಯ್ದೆ ತಂದಿದೆ, ರಾಜಸ್ಥಾನ 2023 ರಲ್ಲೇ ತಂದಿತ್ತು. ಕೆಲಸಗಾರನಿಗೆ ಕೊಡುವ ಹಣದ ಮೇಲೆ ಶೇ. 1 ರಿಂದ 5 ರವರೆಗೆ ಕಂಪನಿ ಕಲ್ಯಾಣ ಶುಲ್ಕ ಕಟ್ಟಬೇಕು. ತೆಗೆದು ಹಾಕುವ ಮುಂಚೆ ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು. ಸಂಪಾದನೆಯನ್ನು ಆ್ಯಪ್ ಹೇಗೆ ಲೆಕ್ಕ ಹಾಕುತ್ತದೆ ಅಂತ ಕೇಳುವ ಹಕ್ಕೂ ಇದೆ.

“ಹೌದ್ರಿ ಸರ್, ಕೇಳೀನಿ. ಅರ್ಜಿ ಎಲ್ಲಿ ಕೊಡೂದು? ಯಾವ ಆಫೀಸಿಗೆ?” ಅಂದ ಗೆಳೆಯ. ಕಾರ್ಮಿಕ ಇಲಾಖೆಗೆ ಹೋಗೋಣ, ನಾನೂ ಬರ್ತೀನಿ ಅಂದೆ. ಅಷ್ಟರಲ್ಲಿ ಅಳಿಯನಿಗೆ ಮತ್ತೊಂದು ಆರ್ಡರ್ ಬಿತ್ತು, ಇಬ್ಬರೂ ಎದ್ದೆವು.

2020-21 ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕೆಲಸಗಾರರಿದ್ದರು, 2029-30 ರ ಹೊತ್ತಿಗೆ 2.35 ಕೋಟಿ ಆಗಬಹುದು ಎಂದು ನೀತಿ ಆಯೋಗದ ಅಂದಾಜು. ತರಗತಿಯಲ್ಲಿ ಈ ಅಂಕಿ ಹೇಳಿದಾಗ ಯಾರೂ ತಲೆ ಎತ್ತಲಿಲ್ಲ. ಗೇಟಿನ ಕಥೆ ಹೇಳಿದ ಮೇಲೆ ಹಿಂದಿನ ಬೆಂಚಿನ ಹುಡುಗರು ಮಾತಿಗೆ ಬಂದರು. ಅವರಲ್ಲಿ ಕೆಲವರು ಸಂಜೆ ಇದೇ ಕೆಲಸ ಮಾಡುತ್ತಾರೆ ಅಂತ ಅವತ್ತೇ ನನಗೆ ಗೊತ್ತಾದದ್ದು. ಬಿಟ್ಟುಬಿಡ್ತೀರಾ ಅಂತ ಕೇಳಿದರೆ ಒಬ್ಬನೂ ಹ್ಞೂಂ ಅನ್ನಲಿಲ್ಲ. ಅಳಿಯನೂ ಅಷ್ಟೇ. ಮೊದಲು ಕೆಲಸಕ್ಕಿದ್ದ ಅಂಗಡಿಯಲ್ಲಿ ಮಾಲೀಕನ ಬೈಗುಳ ತಿನ್ನಬೇಕಿತ್ತು, ಇಲ್ಲಿ ಯಾರೂ ಬೈಯೋದಿಲ್ಲ ಅಂತಾನೆ.

ಈಗ ಆ ಹುಡುಗರು ಒಂದು ವಹಿ ಇಟ್ಟಿದ್ದಾರೆ. ಕಾದ ಹೊತ್ತು, ಗೇಟಿನಲ್ಲಿ ನಿಂತ ಹೊತ್ತು, ಪೆಟ್ರೋಲು, ಕೈಗೆ ಬಂದ ಹಣ, ನಾಲ್ಕು ಕಾಲಂ. ಅಳಿಯನದೂ ಅದರಲ್ಲಿದೆ. ಗೆಳೆಯನ ಅರ್ಜಿ ಕಾರ್ಮಿಕ ಇಲಾಖೆಗೆ ಮುಟ್ಟಿದೆ, ಸ್ವೀಕೃತಿ ಚೀಟಿ ನನ್ನ ಹತ್ತಿರವೇ ಇದೆ. ಉತ್ತರ ಇನ್ನೂ ಬಂದಿಲ್ಲ.