ಊಟದ ವಿಷಯ ಹೇಳಲು ಐದು ವರ್ಷ ಓದಬೇಕೇ?

ದ್ವಿತೀಯ ಪಿಯುಸಿ ಫಲಿತಾಂಶ ಬಂದಾಗಿನಿಂದ ಕಾಲೇಜು ಸೇರುವ ಗಡಿಬಿಡಿ ಮುಗಿಯುವವರೆಗೆ ಆಸ್ಪತ್ರೆಯಲ್ಲಿ ಡಯಟೀಷಿಯನ್, ಅಂದರೆ ಪಥ್ಯಾಹಾರ ತಜ್ಞೆ, ಆಗಿರುವ ನನಗೆ ಬರುವ ಫೋನ್ ಕರೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ‘ಮೇಡಂ, ಮಗಳು ಡಯಟೀಷಿಯನ್ ಆಗುತ್ತೇನೆ ಅನ್ನುತ್ತಾಳೆ. ಊಟದ ವಿಷಯ ಹೇಳುವುದಕ್ಕೆ ಐದು ವರ್ಷ ಓದಬೇಕೇ? ಮೂರು ತಿಂಗಳ ಆನ್‌ಲೈನ್ ಕೋರ್ಸ್ ಸಾಲುವುದಿಲ್ಲವೇ?’ ಹೊಟ್ಟೆ ಬಟ್ಟೆ ಕಟ್ಟಿ ಮಕ್ಕಳನ್ನು ಓದಿಸುವವರು ಇದನ್ನು ಕೇಳಲೇಬೇಕು. ಫೋನಿನಲ್ಲಿ ಹೇಳಿ ಮುಗಿಸುವ ಉತ್ತರವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಸಾಲುವುದಿಲ್ಲ. ಇಷ್ಟು ಖಂಡಿತವಾಗಿ ಹೇಳುವುದಕ್ಕೆ ಒಂದು ಉಪ್ಪಿನ ಪೊಟ್ಟಣ ಕಾರಣ.

ಆಗ ನಾನು ಎಂ.ಎಸ್ಸಿ. ಮುಗಿಸಿ ಆಸ್ಪತ್ರೆಯೊಂದರಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಮಾಡುತ್ತಿದ್ದೆ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಬರುತ್ತಿದ್ದ ಹಿರಿಯರೊಬ್ಬರ ರಕ್ತದಲ್ಲಿ ಪೊಟ್ಯಾಶಿಯಂ 6.8ಕ್ಕೆ ಏರಿತ್ತು. ಅದು 3.5ರಿಂದ 5ರ ಆಸುಪಾಸಿನಲ್ಲಿರಬೇಕು. ಅಷ್ಟು ಏರಿದರೆ ಹೃದಯದ ಬಡಿತವೇ ಲಯ ತಪ್ಪಬಹುದು. ವೈದ್ಯರು ತುರ್ತಾಗಿ ಮಾಡಬೇಕಾದದ್ದನ್ನು ಮಾಡಿದರು. ಮನೆಯಲ್ಲಿ ಏನು ತಿನ್ನುತ್ತಿದ್ದಾರೆ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಪಾಲಿಗೆ ಬಂತು. ಅಪ್ಪನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದ ಮಗಳು ಒಂದೊಂದಾಗಿ ಹೇಳಿದರು: ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ಸೊಪ್ಪಿನ ಸಾರು, ದೇಹಕ್ಕೆ ತಂಪೆಂದು ದಿನಕ್ಕೊಂದು ಎಳನೀರು. ಎಳನೀರು ಎಂದೊಡನೆ ನನ್ನ ಪೆನ್ನು ನಿಂತಿತು. ಒಂದು ದೊಡ್ಡ ಲೋಟ ಎಳನೀರಿನಲ್ಲಿ ಸುಮಾರು 500 ಮಿಲಿಗ್ರಾಂ ಪೊಟ್ಯಾಶಿಯಂ ಇರುತ್ತದೆ, ಮೂತ್ರಪಿಂಡ ಕೆಟ್ಟವರಿಗೆ ಅದನ್ನು ಹೊರಹಾಕುವ ಶಕ್ತಿಯಿಲ್ಲ. ಉತ್ತರ ಸಿಕ್ಕಿತೆಂದುಕೊಂಡೆ. ‘ಉಪ್ಪು?’ ಎಂದು ಕೊನೆಗೆ ಕೇಳಿದೆ. ‘ಸೋಡಿಯಂ ಕಡಿಮೆ ಇರುವ ಉಪ್ಪನ್ನೇ ಹುಡುಕಿ ತರುತ್ತೇನೆ, ಬೆಲೆ ಹೆಚ್ಚಾದರೂ ಪರವಾಗಿಲ್ಲ’ ಎಂದರು. ಒಳ್ಳೆಯದು ಎಂದು ಬರೆದುಕೊಂಡು ಬಂದೆ.

ನಮ್ಮ ಹಿರಿಯ ಡಯಟೀಷಿಯನ್ ನನ್ನ ಹಾಳೆ ಓದಿ, ಆ ಉಪ್ಪಿನ ಪೊಟ್ಟಣವನ್ನು ಮನೆಯಿಂದ ತರಿಸಿದರು. ಹಿಂಬದಿಯ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟು ನನಗೆ ಓದಲು ಹೇಳಿದರು. ಪೊಟ್ಯಾಶಿಯಂ ಕ್ಲೋರೈಡ್. ಸೋಡಿಯಂ ಕಡಿಮೆ ಮಾಡಿದ ಜಾಗದಲ್ಲಿ ತುಂಬಿದ್ದು ಅದನ್ನೇ. ರಕ್ತದೊತ್ತಡವಿರುವ, ಮೂತ್ರಪಿಂಡ ಸರಿಯಿರುವ ಎಷ್ಟೋ ಜನರಿಗೆ ಒಳ್ಳೆಯದಾದ ಅದೇ ಉಪ್ಪು ಈ ಹಿರಿಯರಿಗೆ ಹೊತ್ತುಹೊತ್ತಿಗೂ ತಟ್ಟೆಯಲ್ಲಿ ಅಪಾಯವನ್ನು ಬಡಿಸುತ್ತಿತ್ತು. ಅದನ್ನು ತಂದವರು ಪ್ರೀತಿಯಿಂದ ತಂದಿದ್ದರು. ಒಳ್ಳೆಯದು ಎಂದು ಬರೆದ ನಾನು ಐದು ವರ್ಷ ಓದಿದ್ದೆ. ಐದು ವರ್ಷ ಓದಿಯೂ ಪಕ್ಕದಲ್ಲಿ ತಿದ್ದುವವರು ಬೇಕಾದ ಕೆಲಸವಿದು.

ಅಷ್ಟು ವರ್ಷ ಏನು ಓದಿಸುತ್ತಾರೆ ಎಂದರೆ, ‘ಹಣ್ಣು ತಿನ್ನಿ, ಎಣ್ಣೆ ಬಿಡಿ’ ಎಂಬುದನ್ನಂತೂ ಅಲ್ಲ. ಶರೀರಕ್ರಿಯೆ, ಜೀವರಸಾಯನ, ಸೂಕ್ಷ್ಮಜೀವಿಗಳು, ಆಹಾರ ರಸಾಯನ, ಒಂದೊಂದು ಕಾಯಿಲೆಯಲ್ಲಿ ಒಂದೊಂದು ಅಂಗ ಏನನ್ನು ತಾಳುತ್ತದೆ, ಏನನ್ನು ತಾಳುವುದಿಲ್ಲ ಎಂಬುದು. ಜೊತೆಗೆ ಅಳತೆ. ನಮ್ಮ ಮೊದಲ ವರ್ಷದ ಪ್ರಾಯೋಗಿಕ ತರಗತಿಯಲ್ಲಿ, ನಿಮ್ಮ ಮನೆಯಲ್ಲಿ ಮಾಡುವ ಗಾತ್ರದ ಒಂದು ರಾಗಿಮುದ್ದೆ ಕಟ್ಟಿ ಎಂದರು ಅಧ್ಯಾಪಕಿ. ಎಲ್ಲವನ್ನೂ ತೂಗಿದರೆ, ಮಂಡ್ಯದ ಗೆಳತಿಯ ಮುದ್ದೆ ನನ್ನದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ ಎಂದಿದೆ. ಅದು ಒಣ ರಾಗಿಯ ಲೆಕ್ಕ. ಮುದ್ದೆಯ ತೂಕದಲ್ಲಿ ಬಹುಪಾಲು ನೀರು. ರೋಗಿ ‘ಎರಡು ಮುದ್ದೆ’ ಎಂದರೆ ಯಾರ ಮನೆಯ ಮುದ್ದೆ, ಎಷ್ಟು ಹಿಟ್ಟು ಎಂದು ಕೇಳದೆ ನಾವು ಮುಂದೆ ಹೋಗುವಂತಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ದಾರಿ ಹೀಗಿದೆ. ಪಿಯುಸಿಯಲ್ಲಿ ವಿಜ್ಞಾನ, ಅದರಲ್ಲೂ ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಇದ್ದರೆ ಒಳ್ಳೆಯದು. ಆಮೇಲೆ ಪೋಷಣೆ ಮತ್ತು ಪಥ್ಯಾಹಾರ ಅಥವಾ ಗೃಹವಿಜ್ಞಾನದಲ್ಲಿ ಬಿ.ಎಸ್ಸಿ., ಅದೇ ವಿಷಯದಲ್ಲಿ ಎರಡು ವರ್ಷದ ಎಂ.ಎಸ್ಸಿ., ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಕೊನೆಯದಾಗಿ, 1963ರಲ್ಲಿ ಆರಂಭವಾದ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ಪರೀಕ್ಷೆ. ಅದರಲ್ಲಿ ಪಾಸಾದವರು ಹೆಸರಿನ ಮುಂದೆ ಆರ್.ಡಿ., ಅಂದರೆ ನೋಂದಾಯಿತ ಡಯಟೀಷಿಯನ್ ಎಂದು ಬರೆದುಕೊಳ್ಳಬಹುದು. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಈ ವಿಷಯದ ಸ್ನಾತಕೋತ್ತರ ವಿಭಾಗವಿದೆ. ಅದೇ ಊರಿನ ಸಿ.ಎಫ್.ಟಿ.ಆರ್.ಐ. (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಕೂಡ ಇದಕ್ಕೇ ಎಂದು ಹಲವರು ತಿಳಿದಿದ್ದಾರೆ. ಅಲ್ಲಿನ ಆಹಾರ ತಂತ್ರಜ್ಞಾನ ಬೇರೆಯ ಓದು. ಆಹಾರವನ್ನು ಸಂಸ್ಕರಿಸುವುದು, ಕೆಡದಂತೆ ಉಳಿಸುವುದು ಅವರ ಕ್ಷೇತ್ರ, ರೋಗಿಯ ಹಾಸಿಗೆಯ ಪಕ್ಕದ ಕೆಲಸವಲ್ಲ.

ಈಗ ಕಾನೂನೂ ಬಿಗಿಯಾಗುತ್ತಿದೆ, ನನಗೆ ಅದು ಸಂತೋಷದ ಸಂಗತಿ. 2021ರಲ್ಲಿ ಬಂದ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ಡಯಟೀಷಿಯನ್ ವೃತ್ತಿಯನ್ನೂ ತನ್ನ ಪಟ್ಟಿಗೆ ಸೇರಿಸಿದೆ, ರಾಜ್ಯ ಪರಿಷತ್ತುಗಳ ಮೂಲಕ ನೋಂದಣಿ ಮಾಡಬೇಕೆನ್ನುತ್ತದೆ. ಈ ಕಾಯ್ದೆಯಡಿ ಬರುವ ಕೋರ್ಸುಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸುವಂತಿಲ್ಲ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2025ರಲ್ಲಿ ಆದೇಶಿಸಿತು. ಪೋಷಣೆ ಮತ್ತು ಪಥ್ಯಾಹಾರವೂ ಅದರಲ್ಲಿ ಸೇರಿದೆ. ಆದ್ದರಿಂದ ಯಾರಾದರೂ ‘ಮನೆಯಲ್ಲೇ ಕುಳಿತು ಪದವಿ’ ಎಂದು ಶುಲ್ಕ ಕೇಳಿದರೆ ದಯವಿಟ್ಟು ಹಣ ಕಟ್ಟಬೇಡಿ. ಅಮೆರಿಕಕ್ಕೆ ಹೋಗುವ ಯೋಚನೆಯಿದ್ದರೆ, ನಮ್ಮ ಆರ್.ಡಿ. ಅಲ್ಲಿ ತಾನಾಗಿ ನಡೆಯುವುದಿಲ್ಲ ಎಂಬುದನ್ನೂ ನೆನಪಿಡಿ. 2024ರ ಜನವರಿಯಿಂದ ಅಲ್ಲಿನ ಪರೀಕ್ಷೆಗೆ ಕೂರಲು ಸ್ನಾತಕೋತ್ತರ ಪದವಿಯೇ ಬೇಕು.

ಮೊದಲ ಕೆಲಸದ ಸಂಬಳ ಓದಿದ ವರ್ಷಗಳಿಗೆ ತಕ್ಕಂತೆ ಇರುವುದಿಲ್ಲ. ಇದು ನನಗೆ ನೋವಿನ ವಿಷಯ, ಆದರೆ ಮುಚ್ಚಿಡುವಂಥದ್ದಲ್ಲ.

ಕಳೆದ ವಾರ ಹೀಗೇ ಕೇಳಿಕೊಂಡು ಬಂದ ತಾಯಿ ಮಗಳಿಗೆ, ಫಾರಂ ತುಂಬುವ ಮೊದಲು ಒಂದು ಬೆಳಿಗ್ಗೆ ನಮ್ಮ ಆಸ್ಪತ್ರೆಯ ಅಡುಗೆಮನೆಗೆ ಬನ್ನಿ ಎಂದೆ. ಹುಡುಗಿ ಆರೂವರೆಗೇ ಬಂದಳು. ಉಪ್ಪಿಲ್ಲದ ಉಪ್ಪಿಟ್ಟು, ಮೂಗಿನ ನಳಿಕೆಯಲ್ಲಿ ಕೊಡಲು ಸೋಸಿಟ್ಟ ಗಂಜಿ, ಹೆಸರು ಮತ್ತು ಹಾಸಿಗೆಯ ಸಂಖ್ಯೆ ಬರೆದ ತಟ್ಟೆಗಳ ಸಾಲು ನೋಡಿದಳು. ಸೊಪ್ಪನ್ನು ಕುದಿಸಿ ನೀರನ್ನು ಬಸಿದು ಚೆಲ್ಲುತ್ತಿದ್ದವರನ್ನು ಕಂಡು, ‘ಸತ್ತ್ವವೆಲ್ಲ ಹೋಯಿತಲ್ಲ, ಅಕ್ಕಾ?’ ಎಂದಳು. ಪೊಟ್ಯಾಶಿಯಂ ಹೋಗಲೆಂದೇ ಚೆಲ್ಲುವುದು ಎಂದು ಹೇಳಿ, ಆ ತಟ್ಟೆ ಯಾವ ವಾರ್ಡಿಗೆ ಹೋಗುತ್ತದೆ ಎಂದು ತೋರಿಸಲು ಅವಳನ್ನು ಮೇಲಕ್ಕೆ ಕರೆದುಕೊಂಡು ಹೋದೆ.