ಮೂರೂವರೆ ಗಂಟೆ ನಾಲ್ಕೂವರೆಯಾದಾಗ

ಮ್ಯೂನಿಕ್, ಜರ್ಮನಿ, 27 ಅಕ್ಟೋಬರ್ 2024, ಭಾನುವಾರ

ಬೇಸಿಗೆಯ ಸಮಯ ಮುಗಿದು, ಬೆಳಗಿನ ಜಾವ ಮೂರಕ್ಕೆ ಇಲ್ಲಿನ ಗಡಿಯಾರಗಳೆಲ್ಲ ಎರಡಕ್ಕೆ ಹಿಂದೆ ಸರಿದವು. ನಿನ್ನೆಯವರೆಗೆ ಮೈಸೂರಿಗೂ ಮ್ಯೂನಿಕ್‌ಗೂ ಮೂರೂವರೆ ಗಂಟೆಯ ಅಂತರವಿತ್ತು. ಇಂದಿನಿಂದ ಮಾರ್ಚ್ 30ರವರೆಗೆ ನಾಲ್ಕೂವರೆ. ಊರಿನವರಿಗೆ ಇದು ಗೊತ್ತೇ ಆಗುವುದಿಲ್ಲ, ಅಲ್ಲಿ ವರ್ಷವಿಡೀ ಒಂದೇ ಸಮಯ. ಸಂಜೆ ಆರಕ್ಕೆ ಕೆಲಸ ಮುಗಿಸಿ ಮನೆಗೆ ಫೋನ್ ಮಾಡುತ್ತಿದ್ದವರಿಗೆ ಅಪ್ಪ ಅಮ್ಮ ಒಂಬತ್ತೂವರೆಗೆ, ಊಟ ಮುಗಿಸಿ ಕೂತ ಹೊತ್ತಿಗೆ ಸಿಗುತ್ತಿದ್ದರು. ನಾಳೆಯಿಂದ ಅದೇ ಆರು ಗಂಟೆ ಅಲ್ಲಿ ಹತ್ತೂವರೆ. ಅಪ್ಪ ಮಲಗಿರುತ್ತಾರೆ, ಅಮ್ಮ ಮಾತ್ರ ಕಣ್ಣು ಎಳೆಯುತ್ತಿದ್ದರೂ ಫೋನ್ ಕೈಯಲ್ಲಿ ಹಿಡಿದು ಕಾಯುತ್ತಾರೆ.

ಅಕ್ಟೋಬರ್ ನಡುವಿಗೆ ಚಳಿಗಾಲದ ಸೆಮಿಸ್ಟರ್ ಶುರುವಾಗಿದೆ. ಓದಲು ಬಂದಿಳಿದ ನಮ್ಮ ಹುಡುಗ ಹುಡುಗಿಯರಿಗೆ ಈಗ ರೂಮು, ಬ್ಯಾಂಕು, ನೋಂದಣಿಯ ಓಡಾಟವೆಲ್ಲ ಮುಗಿದು ಮನೆಯ ನೆನಪು ಏಳುವ ಕಾಲ. ಅದೇ ವಾರ ಕತ್ತಲೆಯೂ ಒಂದು ಗಂಟೆ ಮೊದಲೇ ಬಂತು. ಇಂದು ಸೂರ್ಯ ಮುಳುಗುವುದು ಸಂಜೆ ಐದರ ಸುಮಾರಿಗೆ, ಡಿಸೆಂಬರಿನಲ್ಲಿ ನಾಲ್ಕೂ ಇಪ್ಪತ್ತಕ್ಕೆ. ಆದ್ದರಿಂದ ಇವತ್ತಿನ ಬರಹ ಅವರಿಗಾಗಿ, ಹಾಗೆಯೇ ಅವರನ್ನು ಕಳಿಸಿ ಮನೆಯಲ್ಲಿ ಉಳಿದವರಿಗಾಗಿ.

ಅಗಲಿಕೆಯ ಸಂಕಟ ಇದ್ದೇ ಇರುತ್ತದೆ. ಹೆತ್ತವರನ್ನು ಬಿಟ್ಟು ಬಂದವರ ಕರುಳು ಚುರುಕ್ ಅನ್ನದೆ ಇನ್ನೇನು? ಆದರೆ ಅದರ ಮೇಲೆ ಇನ್ನೊಂದು ಸಂಕಟ ಬೆಳೆಯುತ್ತದೆ: ಕರೆಗಾಗಿ ಕಾಯುವುದು, ಸಿಗದಿದ್ದಾಗ ಗಾಬರಿ, ‘ನಾನಿಲ್ಲದಾಗ ಏನಾದರೂ ಆದರೆ’ ಎಂದು ರಾತ್ರಿ ಎದ್ದು ಕೂರುವುದು. ಈ ಎರಡನೆಯದರ ಬಹುಪಾಲು ಏರ್ಪಾಡಿಲ್ಲದ್ದರಿಂದ ಹುಟ್ಟುವಂಥದ್ದು. ಅದನ್ನು ಕಡಿಮೆ ಮಾಡಬಹುದು.

ಮೊದಲು ಫೋನಿನ ವಿಷಯ. ‘ದಿನಾ ಮಾಡ್ತೀನಮ್ಮ’ ಎಂದು ವಿಮಾನ ನಿಲ್ದಾಣದಲ್ಲಿ ಕೊಡುವ ಮಾತು ಪ್ರೀತಿಯದ್ದೇ. ಆದರೆ ಅದು ಮುರಿಯುವುದು ಖಂಡಿತ, ಮುರಿದ ದಿನ ಎರಡೂ ಕಡೆ ನೋವು. ಅದರ ಬದಲು ವಾರಕ್ಕೆ ಮೂರು ದಿನ, ಗೊತ್ತಾದ ಹೊತ್ತು, ಇಪ್ಪತ್ತು ನಿಮಿಷ. ಚಳಿಗಾಲಕ್ಕೆ ಒಳ್ಳೆಯ ಹೊತ್ತೆಂದರೆ ಇಲ್ಲಿನ ಮಧ್ಯಾಹ್ನ ಹನ್ನೆರಡೂವರೆ. ಆಗ ಅಲ್ಲಿ ಸಂಜೆ ಐದು. ಅಮ್ಮ ಕಾಫಿ ಲೋಟ ಹಿಡಿದು ಕೂತಿರುತ್ತಾರೆ, ನೀವು ಊಟದ ಬಿಡುವಿನಲ್ಲಿರುತ್ತೀರಿ. ಇನ್ನೊಂದು, ಇಲ್ಲಿನ ಬೆಳಗ್ಗೆ ಏಳು, ಅಲ್ಲಿನ ಹನ್ನೊಂದೂವರೆ. ಅಡುಗೆ ಕೆಲಸ ಅರ್ಧ ಮುಗಿದ ಹೊತ್ತು ಅದು. ಉಳಿದ ದಿನಗಳಲ್ಲಿ ಒಂದು ಫೋಟೊ ಸಾಕು: ತಟ್ಟೆಯಲ್ಲಿ ಇದ್ದದ್ದು, ಹತ್ತುವ ಟ್ರಾಮು, ಕಿಟಕಿಯಾಚೆಯ ಮರ. ತೀರಾ ದಣಿದ ದಿನ ವಿಡಿಯೊ ಬೇಡ, ಬರೀ ದನಿ ಸಾಕು. ಮುಖದ ಬಾಡಿಕೆ ನೋಡಿದ ಅಮ್ಮ ಆ ರಾತ್ರಿ ನಿದ್ದೆ ಮಾಡುವುದಿಲ್ಲ.

ಮಿಸ್ಡ್ ಕಾಲ್‌ಗೆ ಒಂದು ಒಪ್ಪಂದ ಇರಲಿ. ಒಂದು ಮಿಸ್ಡ್ ಕಾಲ್ ಅಂದರೆ ಸುಮ್ಮನೆ, ಬಿಡುವಾದಾಗ ಮಾಡು ಎಂದು. ಬೆನ್ನುಬೆನ್ನಿಗೆ ಎರಡು ಬಂದರೆ ತುರ್ತು. ಫೋನನ್ನೂ ಇದಕ್ಕೆ ಹೊಂದಿಸಬಹುದು. ರಾತ್ರಿ ‘ಡು ನಾಟ್ ಡಿಸ್ಟರ್ಬ್’ ಹಾಕಿದ್ದರೂ, ಒಂದೇ ನಂಬರಿನಿಂದ ಎರಡನೆಯ ಕರೆ ಐಫೋನಿನಲ್ಲಿ ಮೂರು ನಿಮಿಷದೊಳಗೆ, ಆಂಡ್ರಾಯ್ಡಿನಲ್ಲಿ 15 ನಿಮಿಷದೊಳಗೆ ಬಂದರೆ ರಿಂಗಾಗುವ ಸೌಲಭ್ಯ ಸೆಟ್ಟಿಂಗಿನಲ್ಲಿದೆ. ಅಲ್ಲಿನ ಬೆಳಗಿನ ಆರು ನಿಮಗೆ ರಾತ್ರಿ ಒಂದೂವರೆ. ಊರಿನಲ್ಲಿ ಕೆಟ್ಟ ಸುದ್ದಿ ತಿಳಿಯುವುದು ಹೆಚ್ಚಾಗಿ ಆ ಹೊತ್ತಿಗೇ, ಆದ್ದರಿಂದ ಇದು ಬೇಕು. ವಾಟ್ಸ್ಆ್ಯಪ್ ಒಂದನ್ನೇ ನಂಬಬೇಡಿ. ಅಪ್ಪನ ಫೋನಿನಲ್ಲಿ ಡೇಟಾ ಮುಗಿದಿರಬಹುದು, ಬ್ಯಾಟರಿ ಉಳಿಸುವ ಸೆಟ್ಟಿಂಗು ಆ್ಯಪನ್ನು ಮಲಗಿಸಿರಬಹುದು. ಅವರ ಸಿಮ್‌ಗೆ ಐಎಸ್‌ಡಿ ತೆರೆಸಿ, ಸ್ವಲ್ಪ ಬ್ಯಾಲೆನ್ಸ್ ಇಡಿ, ಒಮ್ಮೆ ಅವರ ಕೈಯಿಂದಲೇ ಮಾಡಿಸಿ ನೋಡಿ. ಇಲ್ಲಿನ ನಂಬರನ್ನು ಮೊದಲ ಸೊನ್ನೆ ಬಿಟ್ಟು +49 ಸೇರಿಸಿ ಉಳಿಸಬೇಕು. ಆ ಸೊನ್ನೆಯೊಂದು ಉಳಿದರೆ ಕರೆ ಹೋಗುವುದಿಲ್ಲ, ತುರ್ತಿನಲ್ಲಿ ಯಾಕೆಂದು ಯಾರಿಗೂ ಹೊಳೆಯುವುದೂ ಇಲ್ಲ.

ನಿಮ್ಮ ಭಾರತದ ಸಿಮ್ಮನ್ನೂ ರೀಚಾರ್ಜ್ ಮಾಡಿಸುತ್ತಲೇ ಇರಿ. ಹೊರಡುವ ಮೊದಲೇ ರೋಮಿಂಗ್ ತೆರೆಸಿರಬೇಕು, ಇಲ್ಲವಾದರೆ ಒಟಿಪಿ ಬರುವುದಿಲ್ಲ. ಒಟಿಪಿ ಬಾರದಿದ್ದರೆ ಅಪ್ಪನ ವಿಮೆಯ ಕಂತನ್ನು ನೀವು ಕಟ್ಟಲಾಗುವುದಿಲ್ಲ.

ಮನೆಗೆ ಒಂದು ಹಾಳೆ ಬರೆದಿಡಿ. ಒಂದೇ ಹಾಳೆ, ದಪ್ಪ ಅಕ್ಷರ, ಕನ್ನಡದಲ್ಲಿ. ಅಪ್ಪ ಅಮ್ಮನ ರಕ್ತದ ಗುಂಪು, ದಿನದ ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಯಾವ ಔಷಧಿ ಒಗ್ಗುವುದಿಲ್ಲ, ನೋಡುವ ಡಾಕ್ಟರ ನಂಬರು, ಯಾವ ಆಸ್ಪತ್ರೆಗೆ ಹೋಗಬೇಕು, ಆರೋಗ್ಯ ವಿಮೆಯ ಪಾಲಿಸಿ ಸಂಖ್ಯೆ, ಆಂಬ್ಯುಲೆನ್ಸಿಗೆ 108. ಹಿರಿಯರ ಸಹಾಯವಾಣಿ 14567 ಕೂಡ ಇರಲಿ. ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಅದರ ಫೋಟೊ ನಿಮ್ಮಲ್ಲೂ ತಮ್ಮ ತಂಗಿಯರಲ್ಲೂ ಇರಲಿ. ಮಾತ್ರೆ ಬದಲಾದಾಗ ಹಾಳೆ ಬದಲಾಗುವುದಿಲ್ಲ, ಇದು ತಪ್ಪುವುದು ಅಲ್ಲಿಯೇ. ಪ್ರತಿ ತಿಂಗಳ ಮೊದಲ ಕರೆಯಲ್ಲಿ ಮಾತ್ರೆಯ ಡಬ್ಬಿಯನ್ನು ಕ್ಯಾಮೆರಾ ಮುಂದೆ ಹಿಡಿಸಿ ಹೋಲಿಸಿ ನೋಡಿ.

ಅಕ್ಕಪಕ್ಕದಲ್ಲಿ ಇಬ್ಬರು ಬೇಕು: ಮನೆಯ ಇನ್ನೊಂದು ಬೀಗದ ಕೈ ಇಟ್ಟುಕೊಳ್ಳುವವರು ಒಬ್ಬರು, ಮಧ್ಯರಾತ್ರಿ ಕಾರು ತೆಗೆಯಬಲ್ಲವರು ಒಬ್ಬರು. ‘ಪಕ್ಕದ ಮನೆಯ ಆಂಟಿ ಇದ್ದಾರಲ್ಲ’ ಎಂದು ಅಂದುಕೊಂಡರೆ ಸಾಲದು. ಎದುರು ಕೂತು ಕೇಳಿ, ಒಪ್ಪಿಸಿ, ನಂಬರು ಬರೆದುಕೊಳ್ಳಿ. ಕೇಳಿಸಿಕೊಂಡವರಿಗೆ ಇದು ಹೊರೆ ಅನ್ನಿಸುವುದು ಅಪರೂಪ. ನಮ್ಮೂರುಗಳಲ್ಲಿ ಇನ್ನೂ ಈ ಸಂಬಂಧ ಉಳಿದಿದೆ, ಅದನ್ನು ಬಾಯಿಬಿಟ್ಟು ಕೇಳಿ ಗಟ್ಟಿ ಮಾಡಿಕೊಳ್ಳಬೇಕು ಅಷ್ಟೆ.

ಊರಲ್ಲೇ ಉಳಿದ ಅಣ್ಣನೋ ತಂಗಿಯೋ ಇದ್ದರೆ, ಕೆಲಸ ಹಂಚಿಕೊಳ್ಳುವುದು ಅಗಲಿಕೆಯ ಬಹು ಮುಖ್ಯ ಭಾಗ. ಓಡಾಟವೆಲ್ಲ ಅವರದು. ಹಾಗಿರುವಾಗ ದೂರದಲ್ಲಿ ಕೂತು ‘ಇನ್ನೊಬ್ಬ ಡಾಕ್ಟರಿಗೆ ತೋರಿಸು’ ಎಂದು ಸಲಹೆ ಕೊಡುತ್ತ ಹೋದರೆ ಸಂಬಂಧ ಹಳಸುತ್ತದೆ. ಮೇಜಿನ ಮುಂದೆ ಕೂತು ಮಾಡಬಲ್ಲದ್ದನ್ನೆಲ್ಲ ನೀವು ಎತ್ತಿಕೊಳ್ಳಿ: ಸೆಸ್ಕ್‌ನ ಕರೆಂಟ್ ಬಿಲ್ಲು, ವಿಮೆ ನವೀಕರಣ, ಔಷಧಿ ತರಿಸುವುದು, ಡಾಕ್ಟರ ಅಪಾಯಿಂಟ್‌ಮೆಂಟು, ರಿಪೋರ್ಟುಗಳನ್ನು ಒಂದೆಡೆ ಜೋಡಿಸಿಡುವುದು. ವರ್ಷಕ್ಕೊಮ್ಮೆ ನೀವು ಹೋದಾಗ ಒಂದು ವಾರ ಅವರನ್ನು ಪೂರ್ತಿ ಬಿಡುಗಡೆ ಮಾಡಿ ಪ್ರವಾಸಕ್ಕೆ ಕಳಿಸಿ. ಹಣ ಕಳಿಸುವುದಕ್ಕಿಂತ ಇದು ದೊಡ್ಡದು ಎಂದೇ ನನ್ನ ನಂಬಿಕೆ.

ಇನ್ನು ಯಾರೂ ಆಡಲು ಬಯಸದ ಮಾತು. ಹೆತ್ತವರು ತೀರಿಕೊಂಡರೆ ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಅದೇ ದಿನ ಸಂಸ್ಕಾರ ನಡೆದುಹೋಗುತ್ತದೆ. ಮ್ಯೂನಿಕ್‌ನಿಂದ ಬೆಂಗಳೂರಿಗೆ 2023ರ ನವೆಂಬರಿನಲ್ಲಿ ನೇರ ವಿಮಾನ ಶುರುವಾಯಿತು. ಅದು ಸಿಗದ ದಿನ ಫ್ರಾಂಕ್‌ಫರ್ಟ್, ದುಬೈ ಅಥವಾ ದೋಹಾ ದಾರಿ. ಹೇಗೆ ಬಂದರೂ ಮನೆ ಬಾಗಿಲಿಗೆ ಮುಟ್ಟುವುದು ಮರುದಿನವೇ. ಕಾಯಬೇಕೇ, ಬೇಡವೇ? ಕಾಯುವುದಾದರೆ ಫ್ರೀಜರ್ ಪೆಟ್ಟಿಗೆ ತರಿಸುವವರು ಯಾರು? ಕಾಯದಿದ್ದರೆ ಕಾರ್ಯ ಮಾಡುವವರು ಯಾರು? ಇದನ್ನು ಎಲ್ಲರೂ ಚೆನ್ನಾಗಿರುವಾಗ, ಸಾಧ್ಯವಾದರೆ ಅಪ್ಪ ಅಮ್ಮನ ಎದುರೇ, ಒಮ್ಮೆ ಮಾತಾಡಿ ಮುಗಿಸಬೇಕು. ‘ಮಕ್ಕಳು ಬರಲೆಂದು ಕಾಯಬೇಡಿ’ ಎಂದು ಅಪ್ಪನೇ ಹೇಳಿಬಿಟ್ಟರೆ ಆ ಒಂದು ಮಾತು ಮುಂದೆ ಎಷ್ಟೋ ವರ್ಷ ಮಕ್ಕಳನ್ನು ಕಾಯುತ್ತದೆ. ಸಂಸ್ಕಾರಕ್ಕೆ ಮುಟ್ಟಲಾಗದವರು ಹನ್ನೊಂದು, ಹದಿಮೂರನೆಯ ದಿನದ ಕಾರ್ಯಗಳಿಗಾದರೂ ಇರುವಂತೆ ರಜೆ ಇಟ್ಟುಕೊಳ್ಳುವುದು ಒಳ್ಳೆಯದು. ವಾರಕ್ಕೆ ಐದು ದಿನ ದುಡಿಯುವವರಿಗೆ ಜರ್ಮನಿಯ ಕಾನೂನು ಕೊಡುವ ಕನಿಷ್ಠ ರಜೆ ವರ್ಷಕ್ಕೆ 20 ದಿನ. ಸಾವಿಗೆಂದು ಪ್ರತ್ಯೇಕವಾಗಿ ಸಿಗುವುದು ಸಾಮಾನ್ಯವಾಗಿ ಒಂದೆರಡು ದಿನವಷ್ಟೆ. ಆದ್ದರಿಂದ ಐದಾರು ದಿನವನ್ನು ಡಿಸೆಂಬರ್‌ವರೆಗೆ ಮುಟ್ಟದೆ ಉಳಿಸಿ, ಒಂದು ತುರ್ತು ಟಿಕೆಟಿನ ಹಣವನ್ನು ಬೇರೆ ಖಾತೆಯಲ್ಲಿಡಿ.

ಕಾಗದದ ವಿಷಯದಲ್ಲಿ ಒಂದು ಅಪಾಯವಿದೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ವಾಸದ ಪರವಾನಗಿ ಮುಗಿದು ಹೊಸದು ಬರುವವರೆಗೆ ವಿದೇಶಿಯರ ಕಚೇರಿ ‘ಫಿಕ್ಷನ್ಸ್‌ಬೆಶೈನಿಗುಂಗ್’ ಎಂಬ ತಾತ್ಕಾಲಿಕ ಪತ್ರ ಕೊಡುತ್ತದೆ. ಅದರಲ್ಲಿ ವಾಸದ ಕಾಯ್ದೆಯ 81ನೇ ಸೆಕ್ಷನ್ನಿನ 4ನೇ ಉಪವಿಭಾಗಕ್ಕೆ ಗುರುತು ಹಾಕಿದ್ದರೆ ದೇಶ ಬಿಟ್ಟು ಮರಳಬಹುದು. 3ನೇ ಉಪವಿಭಾಗಕ್ಕೆ ಗುರುತಿದ್ದರೆ ಆ ಪತ್ರದ ಬಲದ ಮೇಲೆ ಮರಳಿ ಬರಲಾಗದು. ಪತ್ರ ಕೈಗೆ ಬಂದ ದಿನವೇ ಯಾವ ಚೌಕದಲ್ಲಿ ಗುರುತಿದೆ ನೋಡಿ. ಪರವಾನಗಿ ಮುಗಿಯುವ ಮೊದಲೇ ಅರ್ಜಿ ಹಾಕಿ. ಅಳುತ್ತ ವಿಮಾನ ನಿಲ್ದಾಣಕ್ಕೆ ಓಡುವ ರಾತ್ರಿ ಕಾನೂನು ಓದುವ ಸ್ಥಿತಿ ಯಾರಿಗೂ ಬರಬಾರದು.

ಕರೆಗಳು ಬೇಗ ಬರಿದಾಗುತ್ತವೆ. ‘ಊಟ ಆಯ್ತಾ?’ ‘ಆಯ್ತು, ನಿಮ್ದು?’ ‘ಅಲ್ಲಿ ಚಳಿನಾ?’ ಮೂರನೆಯ ತಿಂಗಳಿಗೆ ಇಷ್ಟೇ ಉಳಿಯುತ್ತದೆ. ಪ್ರೀತಿ ಕಡಿಮೆಯಾಗಿರುವುದಿಲ್ಲ, ಒಟ್ಟಿಗೆ ಮಾಡುವ ಕೆಲಸ ನಿಂತುಹೋಗಿರುತ್ತದೆ. ಮನೆಯಲ್ಲಿದ್ದಾಗ ನಾವು ಕೂತು ಮಾತಾಡಿದ್ದಕ್ಕಿಂತ ಅವರೆಕಾಳು ಸುಲಿಯುತ್ತ, ಬಟ್ಟೆ ಮಡಿಸುತ್ತ ಆಡಿದ ಮಾತೇ ಹೆಚ್ಚಲ್ಲವೇ? ಆದ್ದರಿಂದ ಶನಿವಾರ ಇಲ್ಲಿನ ಹನ್ನೊಂದಕ್ಕೆ, ಅಲ್ಲಿನ ಮೂರೂವರೆಗೆ, ಫೋನನ್ನು ಒಲೆಯ ಪಕ್ಕ ನಿಲ್ಲಿಸಿ ಅಮ್ಮನ ಜೊತೆ ಸಾರಿನಪುಡಿ ಹುರಿಯಿರಿ. ಅಮ್ಮಂದಿರ ಲೆಕ್ಕ ‘ಒಂದು ಹಿಡಿ, ಇನ್ನೊಂಚೂರು’ ಎಂದಿರುತ್ತದೆ. ಹೊರಡುವ ಮೊದಲೇ ಅಡುಗೆಯ ಡಿಜಿಟಲ್ ತಕ್ಕಡಿ ಒಂದನ್ನು ಕೊಂಡು, ಅವರು ಹಾಕುವ ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ, ಮೆಣಸು, ಮೆಂತ್ಯ, ಸಾಸಿವೆಯನ್ನು ಬೇರೆಬೇರೆಯಾಗಿ ತೂಗಿ ಗ್ರಾಂ ಲೆಕ್ಕದಲ್ಲಿ ಬರೆದುಕೊಳ್ಳಿ. ಮೆಂತ್ಯ ಯಾವ ಬಣ್ಣಕ್ಕೆ ಬಂದಾಗ ಇಳಿಸುತ್ತಾರೆ ಎಂಬುದನ್ನು ವಿಡಿಯೊ ಮಾಡಿಕೊಳ್ಳಿ. ಕಪ್ಪಾದರೆ ಸಾರೆಲ್ಲ ಕಹಿ.

ಅಂದಹಾಗೆ, ಅಮ್ಮ ಪೆಟ್ಟಿಗೆಯಲ್ಲಿ ತುಂಬುವುದರ ಬಗ್ಗೆ. ಪುಡಿಗಳು, ಒಣಗಿಸಿದ ಕರಿಬೇವು, ಹಪ್ಪಳ ತರಬಹುದು. ಹಾಲಿನ ಪದಾರ್ಥಗಳನ್ನು ಯುರೋಪಿನ ಒಕ್ಕೂಟದೊಳಗೆ ತರುವಂತಿಲ್ಲ, ತುಪ್ಪವೂ ಅದರಲ್ಲಿ ಸೇರಿತು. ಹಸಿ ಕರಿಬೇವು, ಮಾವಿನಹಣ್ಣಿಗೆ 2019ರ ಡಿಸೆಂಬರ್‌ನಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆ, ಅನಾನಸ್, ಖರ್ಜೂರ, ಡೂರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಮೊದಲೇ ತಿಳಿಸಿದರೆ ಅಮ್ಮ ಕರಿಬೇವನ್ನು ನೆರಳಲ್ಲಿ ಒಣಗಿಸಿ ಕಟ್ಟಿಕೊಡುತ್ತಾರೆ. ಕಸ್ಟಮ್ಸ್ ಮೇಜಿನ ಮೇಲೆ ಅವರ ಕೈಯ ಗಂಟನ್ನು ಬಿಟ್ಟು ಬರುವುದು ತಪ್ಪುತ್ತದೆ.

ಗೆಳೆಯರ ವಿಷಯ ಬೇರೆ. ಮನೆಯವರು ಹೇಗಿದ್ದರೂ ಕಾಯುತ್ತಾರೆ, ಗೆಳೆಯರಿಗೆ ಅವರದೇ ಬದುಕಿದೆ. ಗುಂಪಿನ ವಾಟ್ಸ್ಆ್ಯಪ್‌ನಲ್ಲಿ ನೀವು ಏಳುವ ಹೊತ್ತಿಗೆ ಹಾಸ್ಯ, ಜಗಳ, ಪ್ಲಾನು ಎಲ್ಲ ಮುಗಿದಿರುತ್ತದೆ. ಅದನ್ನು ಓದುತ್ತ ಕೂತರೆ ಹೊರಗುಳಿದ ಭಾವ ಬೆಳೆಯುತ್ತದೆ. ಗುಂಪನ್ನು ಮ್ಯೂಟ್ ಮಾಡಿ, ನಾಲ್ಕೈದು ಮಂದಿಯನ್ನು ಆರಿಸಿಕೊಂಡು ಒಬ್ಬೊಬ್ಬರಿಗೇ ಎರಡು ಮೂರು ನಿಮಿಷದ ಧ್ವನಿಸಂದೇಶ ಕಳಿಸಿ. ನಡೆಯುತ್ತ ಮಾತಾಡಿದರೆ ಸಾಕು. ಅವರು ಬಿಡುವಾದಾಗ ಕೇಳಿಸಿಕೊಳ್ಳುತ್ತಾರೆ, ಸಮಯದ ಅಂತರ ಅಡ್ಡ ಬರುವುದಿಲ್ಲ. ‘ಹೇಗಿದೀಯ’ ಅನ್ನುವುದಕ್ಕಿಂತ ‘ಆ ಸೈಟಿನ ತಕರಾರು ಏನಾಯ್ತು, ಮಗಳು ಈಜು ಕಲಿತಳಾ’ ಎಂದು ಕೇಳಿ. ವಿವರ ನೆನಪಿಟ್ಟುಕೊಂಡವನನ್ನು ಗೆಳೆಯರು ಮರೆಯುವುದಿಲ್ಲ.

ಇಲ್ಲಿ ಅತಿ ಕಷ್ಟದ ದಿನ ಭಾನುವಾರ. ಅಂಗಡಿಗಳು ಮುಚ್ಚಿರುತ್ತವೆ, ಬೀದಿ ನಿಶ್ಶಬ್ದ. ನಮ್ಮ ಬೀದಿಗಳ ಸದ್ದಿಗೆ ಒಗ್ಗಿದ ಕಿವಿಗೆ ಅದು ಎದೆ ಒತ್ತಿದಂತೆ. ಭಾನುವಾರಕ್ಕೆ ಏನು ಮಾಡುವುದು ಎಂದು ಶನಿವಾರವೇ ನಿರ್ಧರಿಸಿ, ಬೆಳಕಿರುವಾಗ ಎರಡು ಗಂಟೆ ಹೊರಗಿರಿ. ಪ್ರತಿ ವಾರ ಅದೇ ದಿನ, ಅದೇ ಜಾಗ, ಅದೇ ಜನ ಇರುವ ಒಂದು ಕೂಟವೂ ಬೇಕು: ಫೋಲ್ಕ್ಸ್‌ಹೋಖ್‌ಶೂಲೆಯ (ವಯಸ್ಕರ ಕಲಿಕೆಯ ಕೇಂದ್ರ) ಸಂಜೆಯ ಜರ್ಮನ್ ತರಗತಿ, ಬಡಾವಣೆಯ ಬ್ಯಾಡ್ಮಿಂಟನ್ ಫೆರೈನ್ (ಸಂಘ). ಇಲ್ಲಿನ ಸ್ನೇಹ ನಿಧಾನ, ಆದರೆ ಕೂಡಿದ್ದು ಉಳಿಯುತ್ತದೆ. ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟ, ಫ್ರಾಂಕ್‌ಫರ್ಟ್ ಕಡೆ ರೈನ್ ಮೈನ್ ಕನ್ನಡ ಸಂಘ ಇವೆ. ಹಬ್ಬಕ್ಕೆ ಹೋಗಿ ಉಂಡು ಬರುವುದಕ್ಕಿಂತ ಕುರ್ಚಿ ಜೋಡಿಸಲು, ಬಡಿಸಲು ಹೆಸರು ಕೊಟ್ಟರೆ ಪರಿಚಯ ಬೇಗ ಆಗುತ್ತದೆ.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಹಾಸಿಗೆ ಬಿಟ್ಟು ಏಳಲಾಗದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಅದು ಬರೀ ಮನೆಯ ನೆನಪು ಎಂದುಕೊಂಡು ಸುಮ್ಮನಾಗಬೇಡಿ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಮಾನಸಿಕ ಬಿಕ್ಕಟ್ಟಿನ ಸಹಾಯವಾಣಿ 0800 655 3000, ದಿನದ 24 ಗಂಟೆ, ಉಚಿತ. ಮನೆಯಲ್ಲಿ ಉಳಿದ ತಾಯಿ ಊಟ ಬಿಟ್ಟು ಕೂತಿದ್ದರೆ ಭಾರತದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಈ ವಾರ ದೀಪಾವಳಿ. ಗುರುವಾರ ನರಕ ಚತುರ್ದಶಿ, ಇಲ್ಲಿ ಕೆಲಸದ ದಿನ. ಊರಿನಲ್ಲಿ ಎಣ್ಣೆ ಸ್ನಾನದ ಐದು ಗಂಟೆ ನಿಮಗೆ ರಾತ್ರಿ ಹನ್ನೆರಡೂವರೆ, ಅದಕ್ಕಾಗಿ ನಿದ್ದೆ ಕೆಡಬೇಡಿ. ಶುಕ್ರವಾರ ನವೆಂಬರ್ 1, ನಮಗೆ ರಾಜ್ಯೋತ್ಸವ, ಬವೇರಿಯಾದಲ್ಲಿ ಸಕಲ ಸಂತರ ದಿನದ ರಜೆ. ಶನಿವಾರ ಬಲಿಪಾಡ್ಯಮಿ, ಅಲ್ಲಿ ದೀಪ ಹಚ್ಚುವ ಸಂಜೆ ಆರಕ್ಕೆ ಇಲ್ಲಿ ಮಧ್ಯಾಹ್ನ ಒಂದೂವರೆ. ಪರದೆ ಎಳೆದು ಕೋಣೆ ಕತ್ತಲೆ ಮಾಡಿ ಅದೇ ಹೊತ್ತಿಗೆ ಹಚ್ಚಬಹುದು. ದೀಪ ಹೊಗೆ ಸೂಚಕದ ನೇರ ಕೆಳಗೆ ಬೇಡ. ಪಟಾಕಿ ಹಚ್ಚುವಂತಿಲ್ಲ, ಇಲ್ಲಿ ಜನಸಾಮಾನ್ಯರಿಗೆ ಅದು ಡಿಸೆಂಬರ್ 31 ಮತ್ತು ಜನವರಿ 1ಕ್ಕೆ ಮಾತ್ರ. ಎಳ್ಳೆಣ್ಣೆ, ಹತ್ತಿಬತ್ತಿ, ಬೆಲ್ಲ ಮುಖ್ಯ ರೈಲು ನಿಲ್ದಾಣದ ದಕ್ಷಿಣದ ಬೀದಿಗಳ ಅಂಗಡಿಗಳಲ್ಲಿ ಸಿಗುತ್ತವೆ. ಶುಕ್ರವಾರ ಅಂಗಡಿ ಇರುವುದಿಲ್ಲ, ಗುರುವಾರ ರಾತ್ರಿ ಎಂಟರೊಳಗೆ ತಂದಿಟ್ಟುಕೊಳ್ಳಿ.